ಒಕ್ಕಣೆಯ ಕಲಿಕೆ: ಬಿ.ಎಲ್. ರೈಸ್ ಅವರ ಬದುಕಿನ ಒಂದು ಮರುಓದು

೧

ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರು ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ಶಾಸನಗಳೊಡನೆ ಬೆಸೆದುಕೊಂಡಿದೆ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳು, ಹಳಗನ್ನಡ ವ್ಯಾಕರಣ ಮತ್ತು ಕಾವ್ಯಗಳ ಮೊದಲ ಮುದ್ರಿತ ಆವೃತ್ತಿಗಳು, ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ಇವುಗಳ ಬೆಳಕಿನಲ್ಲಿ ಅವರ ಬದುಕಿನ ಇನ್ನೊಂದು ಮುಖ ಮಸುಕಾಗಿದೆ. ಶಾಸನಗಳ ಕೆಲಸಕ್ಕೆ ಪೂರ್ಣವಾಗಿ ತೊಡಗುವ ಮೊದಲು ರೈಸ್ ಅವರು ಹೆಚ್ಚುಕಡಿಮೆ ಮೂರು ದಶಕಗಳ ಕಾಲ ಶಾಲೆಗಳ ನಡುವೆ ಓಡಾಡಿದವರು. ಮುಖ್ಯೋಪಾಧ್ಯಾಯರಾಗಿ, ಇನ್‌ಸ್ಪೆಕ್ಟರ್ ಆಗಿ, ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಅವರು ಎದುರಿಸಿದ ಪ್ರಶ್ನೆ ಮೇಲುನೋಟಕ್ಕೆ ಸರಳವಾದದ್ದು: ಹಳ್ಳಿಯ ಹುಡುಗ ಶಾಲೆಯಲ್ಲಿ ಏನನ್ನು ಓದಲು, ಏನನ್ನು ಬರೆಯಲು ಕಲಿಯಬೇಕು?

ಈ ಪ್ರಶ್ನೆಯ ಹಿಂದೆ ಬದುಕಿನ ನೇರ ಹಿತಾಸಕ್ತಿಗಳಿದ್ದವು. ಹತ್ತೊಂಬತ್ತನೆಯ ಶತಮಾನದ ರೈತನ ಬದುಕು ಕಾಗದಗಳ ನಡುವೆ ಹೆಚ್ಚು ಹೆಚ್ಚಾಗಿ ಸಿಕ್ಕಿಕೊಳ್ಳುತ್ತಿತ್ತು. ಕಂದಾಯ ಕಟ್ಟಿದ್ದಕ್ಕೆ ರಸೀದಿ, ಸಾಲಕ್ಕೆ ಪತ್ರ, ಜಮೀನಿಗೆ ಪಟ್ಟೆ, ತಕರಾರಿಗೆ ಅರ್ಜಿ. ಇವುಗಳನ್ನು ಓದಲಾರದವನು ಬೇರೊಬ್ಬರು ಬರೆದದ್ದಕ್ಕೆ ಗುರುತು ಹಾಕಬೇಕಾಗಿತ್ತು. ಹೀಗಾಗಿ ಬರಹದ ಕಲಿಕೆಯೆಂದರೆ ತನ್ನ ಮಾತಿಗೆ ದಾಖಲೆಯ ಬಲ ಪಡೆದುಕೊಳ್ಳುವುದೂ ಆಗಿತ್ತು. ನಿತ್ಯವ್ಯವಹಾರದ ಬರಹದ ಧಾಟಿಗೆ ಕನ್ನಡದಲ್ಲಿ ‘ಒಕ್ಕಣೆ’ ಎಂಬ ಮಾತಿದೆ. ಈ ಒಕ್ಕಣೆಯ ಕಲಿಕೆಯನ್ನು ನಡುವೆ ಇಟ್ಟುಕೊಂಡು ರೈಸ್ ಅವರ ಬದುಕನ್ನು ಓದಿದರೆ, ಬೇರೆ ಬೇರೆಯೆಂದು ಕಾಣುವ ಅವರ ಶಾಲೆಯ ಕೆಲಸ ಮತ್ತು ಶಾಸನದ ಕೆಲಸ ಒಂದನ್ನೊಂದು ವಿವರಿಸತೊಡಗುತ್ತವೆ.

೨

ರೈಸ್ ಅವರು ಹುಟ್ಟಿದ್ದು ೧೮೩೭ರ ಜುಲೈ ೧೭ರಂದು, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಅವರು ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಅದೇ ವರ್ಷದ ಮೊದಲಲ್ಲಿ ಬೆಂಗಳೂರಿಗೆ ಬಂದು, ೧೮೮೭ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷ ಈ ಊರಿಗಾಗಿ ದುಡಿದವರು. ಕನ್ನಡವನ್ನು ಚೆನ್ನಾಗಿ ಕಲಿತು, ಕನ್ನಡದಲ್ಲಿ ಬೋಧಿಸಿ, ಕನ್ನಡ ಶಾಲೆಗಳಿಗೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಿದವರು. ಮಿಷನ್ನಿನ ಮಹಿಳೆಯರು ೧೮೪೦ರ ದಶಕದ ಆರಂಭದಲ್ಲಿಯೇ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ನಡೆಸಲು ಮುಂದಾದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ತಂದೆಯ ಹೆಸರನ್ನು ಉಳಿಸಿಕೊಂಡಿದೆ. ವಿಲ್ಸನ್ ಗಾರ್ಡನ್ನಿನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಮಿಷನ್ ರಸ್ತೆಯ ಹೆಸರಿನಲ್ಲಿಯೂ, ಅಲ್ಲಿನ ಹಳೆಯ ಶಾಲೆಗಳಲ್ಲಿಯೂ ಆ ಕಾಲದ ಗುರುತುಗಳಿವೆ.

ಬೆಂಗಳೂರಿನಲ್ಲಿ ಹುಟ್ಟಿ ಕನ್ನಡದ ಸದ್ದಿನ ನಡುವೆ ಬೆಳೆದ ಲೂಯಿಸ್ ರೈಸ್ ಅವರು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿ, ೧೮೬೦ರಲ್ಲಿ ಹಿಂದಿರುಗಿದರು. ಆಗ ಅವರಿಗೆ ಇಪ್ಪತ್ಮೂರರ ವಯಸ್ಸು. ೧೮೫೮ರಲ್ಲಿ ಸ್ಥಾಪನೆಗೊಂಡು, ಮುಂದೆ ೧೮೭೫ರಲ್ಲಿ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನ ಮುಖ್ಯಸ್ಥರಾಗಿ ಅವರು ಸೇವೆಗೆ ಸೇರಿದರು. ಐದು ವರ್ಷಗಳ ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಈ ಬದಲಾವಣೆ ಅವರ ಬದುಕಿನ ತಿರುವು. ಹೈಸ್ಕೂಲಿನಲ್ಲಿ ಅವರ ಎದುರಿಗಿದ್ದುದು ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿಗೆ ಹೋಗಲಿರುವ ಪೇಟೆಯ ಹುಡುಗರು. ಇನ್‌ಸ್ಪೆಕ್ಟರ್ ಆಗಿ ಕುದುರೆಯ ಮೇಲೆ ಊರೂರು ಸುತ್ತಿದಾಗ ಕಂಡದ್ದು ಇನ್ನೊಂದು ಬಗೆಯ ಶಾಲೆ. ಮನೆಯ ಜಗಲಿಯ ಮೇಲೋ, ದೇವಸ್ಥಾನದ ಅಂಗಳದಲ್ಲೋ ಐಗಳು ನಡೆಸುತ್ತಿದ್ದ ಕೂಲಿಮಠ ಅದು.

೩

ಕೂಲಿಮಠಗಳನ್ನು ಬರಿಯ ಬಾಯಿಪಾಠದ ಕೇಂದ್ರಗಳೆಂದು ತಳ್ಳಿಹಾಕುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಸಮಕಾಲೀನ ದಾಖಲೆಗಳು ಬೇರೆಯ ಚಿತ್ರವನ್ನೂ ಕೊಡುತ್ತವೆ. ಅಂಥವುಗಳಲ್ಲಿ ಮುಖ್ಯವಾದದ್ದು, ಮೈಸೂರು ಸೀಮೆಗೆ ತಾಗಿಕೊಂಡು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ೧೭ರಂದು ಸಲ್ಲಿಸಿದ ವರದಿ. ಗವರ್ನರ್ ಥಾಮಸ್ ಮನ್ರೋ ಅವರು ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ದೇಶೀ ಶಾಲೆಗಳ ಮಾಹಿತಿ ಕೇಳಿದಾಗ ಬರೆದ ವರದಿ ಇದು. ಅದರಂತೆ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫. ಹುಡುಗಿಯರ ಸಂಖ್ಯೆ ಕೇವಲ ೬೦.

ಈ ವರದಿಯಲ್ಲಿ ಬರುವ ಪಾಠಕ್ರಮದ ವಿವರ ಪ್ರಸ್ತುತ ಚರ್ಚೆಗೆ ಅತ್ಯಂತ ಮುಖ್ಯವಾದದ್ದು. ಹುಡುಗ ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ. ಆಮೇಲೆ ಹಲಗೆ ಅಥವಾ ಕಡತದ ಮೇಲೆ ಬರೆಯುತ್ತಿದ್ದ. ಅಕ್ಷರ, ಕಾಗುಣಿತ, ಹೆಸರುಗಳು, ಮಗ್ಗಿಗಳು ಮುಗಿದ ಮೇಲೆ ಐಗಳು ಅಲ್ಲಿ ಇಲ್ಲಿ ಸಂಪಾದಿಸಿಟ್ಟುಕೊಂಡಿದ್ದ ಸರ್ಕಾರಿ ಮತ್ತು ಖಾಸಗಿ ಕಾಗದಗಳನ್ನು ಅವನ ಮುಂದೆ ಇಡುತ್ತಿದ್ದರು. ಬೇರೆ ಬೇರೆ ಕೈಬರಹಗಳನ್ನು ಓದುವುದು, ಸಾಮಾನ್ಯ ಪತ್ರಗಳನ್ನು ಬರೆಯುವುದು, ಕರಾರುಪತ್ರದ ಒಕ್ಕಣೆಯನ್ನು ಸಿದ್ಧಪಡಿಸುವುದು ಇವೆಲ್ಲ ಕಲಿಕೆಯ ಭಾಗಗಳಾಗಿದ್ದವು. ಇವುಗಳ ಜೊತೆಗೆ ಕಾವ್ಯದ ಬಾಯಿಪಾಠವೂ ಇತ್ತು. ಆದರೆ ಆ ಪದ್ಯಗಳ ಭಾಷೆ ಆಡುಮಾತಿನಿಂದ ಬಹಳ ದೂರವಿದ್ದುದರಿಂದ ಹುಡುಗರಿಗೆ ಅವುಗಳ ಅರ್ಥ ತಿಳಿಯುತ್ತಿರಲಿಲ್ಲವೆಂದೂ, ಅನೇಕ ವೇಳೆ ಐಗಳಿಗೂ ತಿಳಿದಿರುತ್ತಿರಲಿಲ್ಲವೆಂದೂ ಕ್ಯಾಂಪ್‌ಬೆಲ್ ಆಕ್ಷೇಪಿಸುತ್ತಾರೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ಕೂಲಿಮಠದ ಒಳಗೇ ಎರಡು ಬಗೆಯ ಕನ್ನಡಗಳಿದ್ದವು. ಬಾಯಿಗೆ ಬರುವ, ಅರ್ಥವಾಗದ ಕಾವ್ಯದ ಕನ್ನಡ ಒಂದಾದರೆ, ಅರ್ಥವಾಗಲೇಬೇಕಾದ ಕಾಗದದ ಕನ್ನಡ ಇನ್ನೊಂದು. ಎರಡನೆಯದು, ವ್ಯವಹಾರದ ಬರಹವನ್ನು ಕಲಿಸಲು ಐಗಳಿಗೆ ಅಚ್ಚಾದ ಪಠ್ಯಪುಸ್ತಕ ಬೇಕಾಗಿರಲಿಲ್ಲ. ಊರಿನಲ್ಲಿ ಯಾರಿಗೋ ಯಾರೋ ನಿಜವಾಗಿ ಬರೆದ ಕಾಗದವೇ ಅವರ ಪಠ್ಯವಾಗಿತ್ತು. ಅಕ್ಷರ ಕೆಟ್ಟಿದ್ದರೂ, ಸಾಲು ಸೊಟ್ಟಗಿದ್ದರೂ ಅದನ್ನು ಬಿಡಿಸಿಕೊಂಡು ಓದುವುದೇ ಪರೀಕ್ಷೆ. ಬದುಕಿನಲ್ಲಿ ಎದುರಾಗುವ ಬರಹ ಹೆಚ್ಚಾಗಿ ಹಾಗೆಯೇ ಇರುತ್ತಿತ್ತು.

ಕಡತದ ವಿಷಯವನ್ನೂ ಇಲ್ಲಿ ನೆನೆಯಬೇಕು. ಇದ್ದಿಲಿನ ಪುಡಿ ಮತ್ತು ಅಂಟಿನ ಸರಿ ಬಳಿದು ಕಪ್ಪಾಗಿಸಿದ ಉದ್ದನೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಈ ಪುಸ್ತಕದಲ್ಲಿ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ವರ್ತಕರ ಲೆಕ್ಕ ಇರುತ್ತಿದ್ದುದು ಇದರಲ್ಲಿಯೇ. ರೈಸ್ ಅವರು ತಮ್ಮ ಗ್ಯಾಸೆಟಿಯರಿನಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಹುಡುಗ ಕಲಿಯುವ ಕಡತವೂ ಅಂಗಡಿಯವನ ಕಡತವೂ ಒಂದೇ ಆಗಿದ್ದುದು ಆ ಶಿಕ್ಷಣದ ಸ್ವರೂಪವನ್ನು ಸೂಚಿಸುತ್ತದೆ. ಶಾಲೆಗೂ ಸಂತೆಗೂ ನಡುವೆ ಬರಹದ ಸಲಕರಣೆಯಲ್ಲಿ ಭೇದವಿರಲಿಲ್ಲ.

೪

ಮೈಸೂರಿನಲ್ಲಿ ಸರ್ಕಾರಿ ವಿದ್ಯಾ ಇಲಾಖೆ ರೂಪುಗೊಂಡದ್ದು ೧೮೫೪ರ ಶಿಕ್ಷಣ ಆಜ್ಞಾಪತ್ರದ ಪರಿಣಾಮವಾಗಿ. ಜುಡಿಷಿಯಲ್ ಕಮಿಷನರ್ ಡೆವರೋ ಅವರ ಯೋಜನೆಯಂತೆ ೧೮೫೭ರಲ್ಲಿ ಇಲಾಖೆ ಕೆಲಸ ಆರಂಭಿಸಿತು. ಜಾನ್ ಗ್ಯಾರೆಟ್ ನಿರ್ದೇಶಕರಾದರು. ಮೊದಲ ದಶಕದಲ್ಲಿ ಶಾಲೆಗಳು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಸೀಮಿತವಾಗಿದ್ದವು. ಕಂದಾಯ ಕೊಡುವ ಹಳ್ಳಿಗೆ ಶಾಲೆ ಬಂದಿರಲಿಲ್ಲ.

೧೮೬೮ರಲ್ಲಿ ಗ್ಯಾರೆಟ್ ರಜೆಯ ಮೇಲೆ ಹೋದಾಗ ರೈಸ್ ಅವರು ನಿರ್ದೇಶಕರ ಸ್ಥಾನದಲ್ಲಿ ಕೆಲಸ ಮಾಡಿದರು. ಅದೇ ವರ್ಷ ಅವರು ಮುಂದಿಟ್ಟದ್ದು ‘ಹೋಬಳಿ ಶಾಲೆ’ಗಳ ಯೋಜನೆ. ತಾಲ್ಲೂಕಿನ ಒಳವಿಭಾಗವಾದ ಪ್ರತಿಯೊಂದು ಹೋಬಳಿಯಲ್ಲಿಯೂ ಒಂದು ಕನ್ನಡ ಶಾಲೆ ಇರಬೇಕೆಂಬುದು ಅದರ ತಿರುಳು. ಯೋಜನೆಯ ವಿವರಗಳಲ್ಲಿ ಮುಖ್ಯವಾದದ್ದು ಉಪಾಧ್ಯಾಯರ ಆಯ್ಕೆಯ ಕ್ರಮ. ಊರ ಐಗಳನ್ನು ತೆಗೆದುಹಾಕಿ ಪೇಟೆಯಿಂದ ಹೊಸಬರನ್ನು ಕಳುಹಿಸುವ ಬದಲು, ಆಯಾ ಸ್ಥಳದಲ್ಲಿ ಪಾಠ ಹೇಳುತ್ತಿದ್ದವರನ್ನೇ ಸಾಧ್ಯವಾದಷ್ಟೂ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು, ಅಲ್ಪ ಸಂಬಳ ಗೊತ್ತುಮಾಡಿ ಹಿಂದಕ್ಕೆ ಕಳುಹಿಸುವುದು ಅವರ ಆಲೋಚನೆಯಾಗಿತ್ತು. ಶಾಲೆಯ ಕಟ್ಟಡದ ಹೊಣೆಯಲ್ಲಿ ಊರವರೂ ಪಾಲುಗೊಳ್ಳಬೇಕಾಗಿತ್ತು. ಮುಂದೆ, ಭೂಕಂದಾಯದ ಜೊತೆಗೆ ವಸೂಲಾಗುತ್ತಿದ್ದ ಸ್ಥಳೀಯ ಸೆಸ್ಸಿನ ಒಂದು ಪಾಲು ಈ ಶಾಲೆಗಳ ವೆಚ್ಚಕ್ಕೆ ಮೀಸಲಾಯಿತು.

ಈ ಯೋಜನೆಯನ್ನು ಕೇವಲ ಆಡಳಿತದ ಮಿತವ್ಯಯವೆಂದು ಓದಲು ಸಾಧ್ಯ. ಐಗಳಿಗೆ ಕೊಡುವ ಸಂಬಳ ಕಡಿಮೆ, ಕಟ್ಟಡದ ಖರ್ಚು ಊರಿನದು. ಆದರೆ ಅದರಲ್ಲಿ ಇನ್ನೊಂದು ತಿಳಿವಳಿಕೆಯೂ ಇದೆ. ಊರಿನ ಐಗಳಿಗೆ ಆ ಊರಿನ ಕಾಗದಗಳು ಗೊತ್ತು. ಯಾವ ಅಳತೆಯಲ್ಲಿ ರಾಗಿ ಅಳೆಯುತ್ತಾರೆ, ಯಾವ ಮಾತಿನಲ್ಲಿ ಸಾಲಪತ್ರ ಬರೆಯುತ್ತಾರೆ, ಅಮಲ್ದಾರರಿಗೆ ಅರ್ಜಿ ಕೊಡುವಾಗ ಮೊದಲ ಸಾಲು ಹೇಗಿರಬೇಕು ಎಂಬ ಜ್ಞಾನ ಅವರಲ್ಲಿತ್ತು. ನಾರ್ಮಲ್ ಶಾಲೆ ಅದಕ್ಕೆ ಸೇರಿಸಬೇಕಾಗಿದ್ದುದು ಅಚ್ಚಿನ ಪುಸ್ತಕ, ತರಗತಿಯ ಶಿಸ್ತು ಮತ್ತು ಅರ್ಥ ತಿಳಿದು ಓದುವ ಕ್ರಮ. ಹಳೆಯದನ್ನು ಅಳಿಸದೆ ಅದರ ಮೇಲೆ ಹೊಸದನ್ನು ಕಟ್ಟುವ ಪ್ರಯತ್ನ ಇದಾಗಿತ್ತು.

ಯೋಜನೆಯ ಮಿತಿಗಳನ್ನೂ ಮರೆಯುವಂತಿಲ್ಲ. ಊರಿನ ಐಗಳನ್ನೇ ಉಳಿಸಿಕೊಂಡಾಗ ಅವರ ಜಗಲಿಯ ಜಾತಿಶ್ರೇಣಿಯೂ ಉಳಿದುಕೊಳ್ಳುತ್ತದೆ. ಜಗಲಿ ಹತ್ತಲಾರದವನಿಗೆ ಹೋಬಳಿ ಶಾಲೆ ತಾನಾಗಿಯೇ ತೆರೆದುಕೊಳ್ಳುವಂತಿರಲಿಲ್ಲ. ಊರಿನ ಬರಹದ ಒಡೆತನವನ್ನು ತಲೆಮಾರುಗಳಿಂದ ಹೊಂದಿದ್ದವರು ಶಾನುಭೋಗರು. ಆ ಒಡೆತನದಲ್ಲಿ ಪಾಲು ಕೇಳುವ ಬಲ ರೈತನ ಮಗನಿಗೆ ಶಾಲೆಯೊಂದರಿಂದಲೇ ಬರುವುದು ಕಷ್ಟವಾಗಿತ್ತು. ಅರ್ಜಿಯ ಒಕ್ಕಣೆಯಲ್ಲಿಯೂ ವಿಧೇಯತೆಯ ಪಾಠ ಅಡಗಿದೆ. ಆದರೂ ವಿಧೇಯವಾದ ಮಾತಿನಲ್ಲಿಯೇ ಹಕ್ಕನ್ನು ಬರಹಕ್ಕೆ ಇಳಿಸಿ, ತಾರೀಖು ಹಾಕಿ, ಉತ್ತರ ನಿರೀಕ್ಷಿಸುವ ಅವಕಾಶವನ್ನು ಅದೇ ಅರ್ಜಿ ಕೊಡುತ್ತದೆ. ವಸಾಹತು ಕಾಲದ ಶಿಕ್ಷಣದ ಈ ಎರಡು ಅಂಚುಗಳನ್ನು ಒಟ್ಟಿಗೆ ಹಿಡಿದು ನೋಡಬೇಕಾಗುತ್ತದೆ.

೫

ರೈಸ್ ಅವರ ಈ ಅನುಭವ ಮೈಸೂರಿನ ಎಲ್ಲೆಯನ್ನು ದಾಟಿದ್ದು ೧೮೮೨ರಲ್ಲಿ. ಡಬ್ಲ್ಯು.ಡಬ್ಲ್ಯು. ಹಂಟರ್ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರ ನೇಮಿಸಿದ ಶಿಕ್ಷಣ ಆಯೋಗಕ್ಕೆ ಅವರು ಕಾರ್ಯದರ್ಶಿಯಾದರು. ಪ್ರಾಂತ್ಯಗಳಿಂದ ಬಂದ ವರದಿಗಳು, ಸಾಕ್ಷ್ಯಗಳು, ಮನವಿಗಳ ರಾಶಿಯ ನಡುವೆ ಕುಳಿತು ದುಡಿದ ಆಯೋಗ ೧೮೮೩ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು.

ಪ್ರಾಥಮಿಕ ಶಿಕ್ಷಣದ ಬಗ್ಗೆ ಆಯೋಗ ಮಾಡಿದ ಶಿಫಾರಸುಗಳಲ್ಲಿ ಮೂರು ಇಲ್ಲಿ ಪ್ರಸ್ತುತವಾಗಿವೆ. ಪ್ರಾಥಮಿಕ ಶಿಕ್ಷಣವನ್ನು ಉನ್ನತ ಶಿಕ್ಷಣದ ಮೆಟ್ಟಿಲಾಗಿ ಮಾತ್ರ ನೋಡದೆ, ಜನಸಾಮಾನ್ಯರಿಗೆ ಅವರ ಭಾಷೆಯಲ್ಲಿ ಅವರ ಬದುಕಿಗೆ ಒದಗುವ ಶಿಕ್ಷಣವಾಗಿ ನೋಡಬೇಕು ಎಂಬುದು ಒಂದು. ದೇಶೀ ಶಾಲೆಗಳನ್ನು ಗುರುತಿಸಿ ಪ್ರೋತ್ಸಾಹಿಸಬೇಕು ಎಂಬುದು ಇನ್ನೊಂದು. ಪಠ್ಯಕ್ರಮವನ್ನು ಸರಳಗೊಳಿಸಿ, ದೇಶೀ ಲೆಕ್ಕದ ಕ್ರಮ, ಜಮಾಖರ್ಚು, ಭೂಮಿಯ ಅಳತೆ ಮುಂತಾದ ಪ್ರಯೋಜನಕಾರಿ ವಿಷಯಗಳಿಗೆ ಹೆಚ್ಚು ಜಾಗ ಕೊಡಬೇಕು ಎಂಬುದು ಮೂರನೆಯದು. ಇವು ಇಡೀ ಆಯೋಗದ ತೀರ್ಮಾನಗಳು. ಒಬ್ಬ ಕಾರ್ಯದರ್ಶಿಯ ಹೆಸರಿಗೆ ಇವನ್ನು ಬರೆದಿಡುವುದು ಸರಿಯಲ್ಲ. ಆದರೆ ಹದಿನಾಲ್ಕು ವರ್ಷಗಳ ಹಿಂದೆ ಮೈಸೂರಿನ ಹೋಬಳಿಗಳಿಗಾಗಿ ರೈಸ್ ಅವರು ಹಿಡಿದ ದಾರಿಗೂ ಈ ಶಿಫಾರಸುಗಳಿಗೂ ಇರುವ ಹೊಂದಾಣಿಕೆ ಸ್ಪಷ್ಟವಾಗಿದೆ.

ಶಿಫಾರಸುಗಳ ಮಾತಿಗೂ ತರಗತಿಯ ಆಚರಣೆಗೂ ಅಂತರ ಉಳಿಯಿತು. ಇಲಾಖೆ ಬೆಳೆದಂತೆ ಅಚ್ಚಿನ ವಾಚಿಕೆ ಮತ್ತು ಪರೀಕ್ಷೆ ಶಾಲೆಯ ಕೇಂದ್ರಕ್ಕೆ ಬಂದವು. ಊರಿನಲ್ಲಿ ನಿಜವಾಗಿ ಓಡಾಡುತ್ತಿದ್ದ ಕಾಗದ ತರಗತಿಯಿಂದ ಹಿಂದೆ ಸರಿದು, ಅದರ ಜಾಗಕ್ಕೆ ಮಾದರಿ ಪತ್ರ ಬಂದಿತು. ಕೂಲಿಮಠದ ಹುಡುಗ ಬರೆದದ್ದು ನಾಳೆ ಯಾರದೋ ಕೈಸೇರುವ ಸಾಧ್ಯತೆಯಿದ್ದ ಬರಹ. ಹೊಸ ಶಾಲೆಯ ಹುಡುಗ ಬರೆದದ್ದು ಅಂಕಕ್ಕಾಗಿ ಕಾಲ್ಪನಿಕ ವ್ಯಕ್ತಿಗೆ ಬರೆದ ಪತ್ರ. ಇಂದಿಗೂ ಕನ್ನಡ ತರಗತಿಗಳಲ್ಲಿ ಪತ್ರಲೇಖನ ವ್ಯಾಕರಣ ವಿಭಾಗದ ಕೊನೆಯ ಅಂಶವಾಗಿ ಉಳಿದುಕೊಂಡಿರುವುದರ ಬೇರು ಈ ಪಲ್ಲಟದಲ್ಲಿದೆ.

೬

ಶಾಲೆಗಳ ತಪಾಸಣೆಗೆಂದು ಊರೂರು ಸುತ್ತುವಾಗಲೇ ರೈಸ್ ಅವರ ಕಣ್ಣಿಗೆ ಶಾಸನಗಳು ಬಿದ್ದವು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸವೂ ಅವರಿಗೆ ಬಂದಿತು. ೧೮೭೯ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. ಅಷ್ಟರಲ್ಲಿ ೧೮೭೬ರಿಂದ ೧೮೭೮ರ ಅವಧಿಯಲ್ಲಿ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರಿನ ಮೂರು ಸಂಪುಟಗಳು ಹೊರಬಂದಿದ್ದವು. ೧೮೮೪ರಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ೧೮೯೦ರಲ್ಲಿ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ ಅವರ ಸಂಪಾದನೆಯಲ್ಲಿ ಅಚ್ಚಾದವು. ೧೮೯೦ರಲ್ಲಿ ಪ್ರಾಚ್ಯಸಂಶೋಧನೆಯ ನಿರ್ದೇಶಕರ ಹೊಣೆ ಪೂರ್ಣವಾಗಿ ಅವರದಾಯಿತು. ೧೮೮೬ರಿಂದ ೧೯೦೫ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳು ಬೆಳಕು ಕಂಡವು.

ಈ ಶಾಸನಗಳಲ್ಲಿ ಹೆಚ್ಚಿನವು ಕಾವ್ಯವಲ್ಲ, ವ್ಯವಹಾರದ ಬರಹಗಳು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ದಿನ, ಎಷ್ಟು ಭೂಮಿ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು, ತಪ್ಪಿದವರಿಗೆ ಏನು ಪಾಪ, ಬರೆದವರು ಯಾರು. ಈ ಕ್ರಮವನ್ನು ಒಬ್ಬ ಐಗಳು ತನ್ನ ಶಿಷ್ಯನಿಗೆ ಕಲಿಸುತ್ತಿದ್ದ ಕ್ರಯಪತ್ರದ ಒಕ್ಕಣೆಯ ಪಕ್ಕದಲ್ಲಿಟ್ಟರೆ ಸಂಬಂಧ ತಾನಾಗಿ ಕಾಣುತ್ತದೆ. ಶಾಸನಗಳ ಕೊನೆಯಲ್ಲಿ ಬರಹಗಾರನಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ‘ಸೇನಬೋವ’ನೇ ಮುಂದೆ ಊರಿನ ಲೆಕ್ಕ ಬರೆಯುವ ‘ಶಾನುಭೋಗ’ನಾಗಿದ್ದಾನೆ. ಕಲ್ಲಿನ ಬರಹದಿಂದ ಕಡತದ ಬರಹದವರೆಗೆ ಹರಿದುಬಂದ ಪರಂಪರೆ ಇದು.

ಬೆಂಗಳೂರು ಜಿಲ್ಲೆಯ ಶಾಸನಗಳು ೧೯೦೫ರಲ್ಲಿ ಒಂಬತ್ತನೆಯ ಸಂಪುಟವಾಗಿ ಬಂದವು. ಇಂದು ನಗರದ ದಕ್ಷಿಣಕ್ಕೆ ಸೇರಿಹೋಗಿರುವ ಬೇಗೂರಿನ ಸುಮಾರು ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ವಿಲ್ಸನ್ ಗಾರ್ಡನ್ನಿನಿಂದ ಆಗ್ನೇಯಕ್ಕಿರುವ ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ೧೨೪೭ರ ತಮಿಳು ಶಾಸನವಿದೆ. ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ಕೊಟ್ಟ ದಾಖಲೆ ಅದು. ಊರಿನ ಹೆಸರು, ಕೆರೆಯ ಇರವು, ಗದ್ದೆಯ ಒಡೆತನ ಇವು ಉಳಿದದ್ದು ಯಾವನೋ ಬರಹಗಾರ ತನ್ನ ನಿತ್ಯದ ಕೆಲಸವನ್ನು ಒಪ್ಪವಾಗಿ ಮಾಡಿದ್ದರಿಂದ.

ಈ ನೋಟಕ್ಕೆ ಅತಿ ಹಳೆಯ ಸಾಕ್ಷಿಯನ್ನು ಒದಗಿಸಿದವರೂ ರೈಸ್ ಅವರೇ. ೧೮೯೨ರಲ್ಲಿ ಅವರು ಇಂದಿನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಪ್ರಾಕೃತ ಭಾಷೆಯ ಬ್ರಹ್ಮಗಿರಿ ಶಾಸನದ ಆರಂಭ ಒಂದು ಆಡಳಿತ ಪತ್ರದ ಒಕ್ಕಣೆಯೇ ಆಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಕಾಗದ ಅದು. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ಆಜ್ಞೆಯನ್ನು ತಿಳಿಸುತ್ತದೆ. ಆ ಆಜ್ಞೆಯಲ್ಲಿ ತಂದೆತಾಯಿಗಳ ಸೇವೆ, ಸತ್ಯನುಡಿಗಳ ಜೊತೆಗೆ ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತೂ ಸೇರಿದೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡನೆಂದು ಹೇಳಿ, ಲಿಪಿಕಾರನೆಂಬ ತನ್ನ ಉದ್ಯೋಗವನ್ನು ಖರೋಷ್ಠಿ ಲಿಪಿಯಲ್ಲಿ ನಮೂದಿಸಿದ್ದಾನೆ. ಕ್ಷೇಮ ಕೇಳಿ ವಿಷಯಕ್ಕೆ ಬರುವುದು, ಕೊನೆಗೆ ಬರೆದವನ ಗುರುತು ಇಡುವುದು ಎಂಬ ಕ್ರಮ ಈ ನೆಲದ ಅತಿ ಹಳೆಯ ಬರಹಗಳಲ್ಲಿಯೇ ಸಿದ್ಧವಾಗಿತ್ತು.

೭

ರೈಸ್ ಅವರು ೧೯೦೬ರಲ್ಲಿ ನಿವೃತ್ತರಾದರು, ಆರ್. ನರಸಿಂಹಾಚಾರ್ಯರು ಅವರ ಸ್ಥಾನಕ್ಕೆ ಬಂದರು. ೧೯೦೯ರಲ್ಲಿ, ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ನಿರೂಪಿಸುವ ಅವರ ಗ್ರಂಥ ಪ್ರಕಟವಾಯಿತು. ೧೯೨೭ರ ಜುಲೈ ೧೦ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಇಂಗ್ಲೆಂಡಿನ ಹ್ಯಾರೋದಲ್ಲಿ ಅವರು ತೀರಿಕೊಂಡರು.

ಅವರ ಬದುಕಿನ ಎರಡು ಭಾಗಗಳನ್ನು ಬೇರೆಬೇರೆಯಾಗಿ ಓದುವ ರೂಢಿಯಿಂದ ನಷ್ಟವಾದದ್ದು ಶಿಕ್ಷಣದ ಚಿಂತನೆಗೆ. ಶಾಸನಗಳು ಪಂಡಿತರ ಪಾಲಾದವು, ಹೋಬಳಿ ಶಾಲೆ ಇಲಾಖೆಯ ಕಡತಕ್ಕೆ ಸೇರಿತು. ಎರಡನ್ನೂ ಒಟ್ಟಿಗೆ ಇಟ್ಟಾಗ ಕನ್ನಡ ಬರಹದ ಚರಿತ್ರೆಯಲ್ಲಿ ಕವಿಗಳ ಸಾಲಿನ ಜೊತೆಗೇ ಇನ್ನೊಂದು ಸಾಲು ಕಾಣಿಸುತ್ತದೆ: ಲಿಪಿಕಾರ, ಸೇನಬೋವ, ಶಾನುಭೋಗ, ಐಗಳು ಮತ್ತು ಅವರ ಮುಂದೆ ಕಡತ ಹಿಡಿದು ಕುಳಿತ ಹುಡುಗ. ಎಲ್ಲೆಯನ್ನು ತಪ್ಪದೆ ಹೇಳುವುದು, ತಾರೀಖು ಬಿಡದೆ ಬರೆಯುವುದು, ಓದುವವನಿಗೆ ಸಂದೇಹ ಉಳಿಯದಂತೆ ವಿಷಯ ತಿಳಿಸುವುದು ಇವೂ ಭಾಷೆಯ ಸಂಪನ್ನತೆಯ ಲಕ್ಷಣಗಳೇ. ಒಂದು ಅರ್ಜಿಯನ್ನು ತಾನೇ ಬರೆಯಬಲ್ಲ ವಿದ್ಯಾರ್ಥಿಗೆ ಕನ್ನಡ ಆಡಳಿತದ ಎದುರು ನಿಲ್ಲುವ ಭಾಷೆಯಾಗುತ್ತದೆ. ಬರೆಯಲಾರದವನಿಗೆ ಅದು ಪದ್ಯದ ಪುಸ್ತಕದಲ್ಲಿ ಉಳಿದುಬಿಡುತ್ತದೆ. ಹೋಬಳಿಗೊಂದು ಶಾಲೆಯನ್ನು ಬಯಸಿದ ಅಧಿಕಾರಿಯ ಬದುಕು ಕನ್ನಡ ಬೋಧನೆಯ ಮುಂದೆ ಇಡುವ ವಿಷಯ ಇದೇ ಆಗಿದೆ.